ಕಾಯಿ ಹಾಕದ ಆಲೂಗಡ್ಡೆ

ನಂಜುಂಡಪ್ಪನವರ ಮಗನ ಹೆಸರು ಗೊತ್ತಾಗುವ ಮುಂಚೆಯೇ ನನಗೆ ನಂಜುಂಡಪ್ಪನವರ ಕೊಲೆಸ್ಟ್ರಾಲ್ ಎಷ್ಟೆಂದು ಗೊತ್ತಿತ್ತು. ತಿಪಟೂರಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಬೆಳಿಗ್ಗೆ ಏಳೂವರೆಗೆ ಖಾಲಿ ಹೊಟ್ಟೆಯಲ್ಲಿ ಮುಖ ಗಂಟಿಕ್ಕಿಕೊಂಡು ಬರುವವರ ನಡುವೆ ಈ ಮನುಷ್ಯ ಮಾತ್ರ ಮದುವೆ ಮನೆಗೆ ಬಂದವರ ಹಾಗೆ ನಗುತ್ತಾ ಬರುತ್ತಿದ್ದರು. ತೋಳು ಚಾಚಿ, "ನೋವಾಗ್ದಂಗೆ ಚುಚ್ಚು ಕಣಮ್ಮ. ಈ ಮೈನಾಗೆ ಹರಿಯೋದು ಅರ್ಧ ಎಳನೀರು" ಎನ್ನುತ್ತಿದ್ದರು. ಅವರ ಹಿಂದೆ ಫೈಲು ಹಿಡಿದುಕೊಂಡು ಮಗ ನಿಂತಿರುತ್ತಿದ್ದ.

ಮೂರನೇ ತಿಂಗಳಿಗೆ ಆ ಫೈಲು ಹಿಡಿದವನ ಹೆಸರು ಅರುಣ್ ಕುಮಾರ್, ದಬ್ಬೇಘಟ್ಟದಲ್ಲಿ ಅವನದೊಂದು ಡ್ರಿಪ್ ಪೈಪಿನ ಅಂಗಡಿ ಇದೆ ಎಂದು ಗೊತ್ತಾಯಿತು. ಐದನೇ ತಿಂಗಳು, ರಿಪೋರ್ಟನ್ನು ಮಧ್ಯಾಹ್ನವೇ ವಾಟ್ಸಾಪಿನಲ್ಲಿ ಕಳಿಸಿದ್ದರೂ "ಅಪ್ಪಂಗೆ ಕಾಗದದ್ದೇ ಬೇಕಂತೆ" ಎಂದು ಹೇಳಿಕೊಂಡು ಸಂಜೆ ಅಷ್ಟು ದೂರದಿಂದ ಬೈಕು ಓಡಿಸಿಕೊಂಡು ಬಂದ. ಕಾಗದವನ್ನು ಕೌಂಟರಿನ ಮೇಲೇ ಬಿಟ್ಟು ಹೋದ. ಏಳನೇ ತಿಂಗಳಿಗೆ ನಾವಿಬ್ಬರೂ ನಮ್ಮ ನಮ್ಮ ಮನೆಗಳಲ್ಲಿ ವಿಷಯ ಹೇಳಿದೆವು.

ಅರಳಗುಪ್ಪೆಯ ನಮ್ಮ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಅಮ್ಮ ವನಜಾಕ್ಷಿ ಎರಡು ದಿನ ಅತ್ತು ಮೂರನೇ ದಿನ ಸೀರೆ ಲೆಕ್ಕ ಹಾಕತೊಡಗಿದಳು. ಅಪ್ಪ ಗಂಗಾಧರ್ ಒಂದು ಭಾನುವಾರ ದಬ್ಬೇಘಟ್ಟಕ್ಕೆ ಹೋಗಿ, ಪೈಪು ಕೊಳ್ಳುವವನ ಹಾಗೆ ಹುಡುಗನನ್ನು ನೋಡಿಕೊಂಡು, ನಿಜಕ್ಕೂ ನೂರು ಮೀಟರ್ ಪೈಪು ಕೊಂಡುಕೊಂಡು ಬಂದ. ನಂಜುಂಡಪ್ಪನವರಂತೂ ಕೇಳಿದ ತಕ್ಷಣ ಒಪ್ಪಿದ್ದರಂತೆ. "ಏಳು ಸಲ ಚುಚ್ಚೈತೆ ಆ ಮಗ. ಒಂದ್ ಸಲನಾದ್ರೂ ನೋವಾಗೈತಾ? ಸೊಸೇಲಿ ಇದಕ್ಕಿಂತ ಇನ್ನೇನ್ಲಾ ಬೇಕು?" ಅಂದರಂತೆ.

ತಕರಾರು ಬಂದದ್ದು ಅರುಣನ ತಾಯಿ ರಾಮಲಕ್ಷ್ಮಮ್ಮನವರಿಂದ. ಅದಕ್ಕೆ ಕಾರಣ ನಾನಲ್ಲ, ತೆಂಗಿನಕಾಯಿ.

ತುರುವೇಕೆರೆ ಕಡೆ ನಂಜುಂಡಪ್ಪನವರನ್ನು ಕಾಯಿ ನಂಜುಂಡಪ್ಪ ಎನ್ನುತ್ತಾರೆ. ಒಂದು ಚೂರು ಕಾಯಿ ನಾಲಿಗೆಯ ಮೇಲಿಟ್ಟರೆ ಸಾಕು, ಅದು ಕೆಮ್ಮಣ್ಣಿನ ತೋಟದ್ದೋ ಕೆರೆ ಅಂಚಿನದ್ದೋ, ಮರದಿಂದ ಇಳಿದು ಎಷ್ಟು ದಿನವಾಯಿತು, ಎಲ್ಲವನ್ನೂ ಹೇಳಬಲ್ಲವರು. ವ್ಯಾಪಾರದವರ ನಡುವೆ ಜಗಳ ಬಂದರೆ ಕೊನೆಗೆ ಇವರ ಬಾಯಿಗೆ ಒಂದು ಚೂರು ಹಾಕಿ ತೀರ್ಮಾನ ಮಾಡಿಕೊಳ್ಳುತ್ತಿದ್ದರಂತೆ. ಇಂಥವರಿಗೆ ಎಂಟು ತಿಂಗಳ ಹಿಂದೆ ಎದೆನೋವು ಬಂದು ಸ್ಟೆಂಟ್ ಹಾಕಿದರು. ಇನ್ನು ಮೇಲೆ ಕಾಯಿ, ಕೊಬ್ಬರಿ, ತುಪ್ಪ ಯಾವುದನ್ನೂ ಮುಟ್ಟಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ತಿಂಗಳು ಕಳೆಯುವುದರೊಳಗೆ ಇವರು ಕಂದಿಕೆರೆಯ ತಂಗಿಯ ಮನೆಗೆ ಹೋದಾಗ, ತಂಗಿ ಅಣ್ಣ ಬಡವಾಗಿದ್ದಾನೆಂದು ಅತ್ತು ಏಳು ಕಾಯಿ ಹೋಳಿಗೆ ತಿನ್ನಿಸಿದಳು. ಇವರು ಮತ್ತೆ ನಾಲ್ಕು ದಿನ ಆಸ್ಪತ್ರೆ ಸೇರಿದರು.

ಅವತ್ತಿನಿಂದ ರಾಮಲಕ್ಷ್ಮಮ್ಮನವರು ಯಾರ ಮನೆಗೆ ಹೋದರೂ ಗಂಡನ ಊಟದ ಡಬ್ಬಿ ಒಯ್ಯುತ್ತಾರೆ. ಮದುವೆಯಿರಲಿ, ಗೃಹಪ್ರವೇಶವಿರಲಿ, ಎಲೆಯ ಪಕ್ಕದಲ್ಲಿ ಆ ಡಬ್ಬಿ ತೆರೆಯುತ್ತಾರೆ. ಎರಡು ಒಣ ಚಪಾತಿ, ಬೇಯಿಸಿದ ಸಪ್ಪೆ ತರಕಾರಿ. ಈಗ ಹೊಸ ಸಂಬಂಧದ ಮಾತು ಬಂದಾಗ ಅವರು ಮಗನಿಗೆ ಹೇಳಿದ್ದು ಇಷ್ಟೇ: "ಬೀಗರ ಮನೆ ಅಂದ್ರೆ ತಿಂಗಳಿಗೆರಡು ಸಲ ಹೋಗಿ ಉಣ್ಣೋ ಮನೆ ಕಣಪ್ಪ. ಇವರನ್ನ ಕೊಲ್ಲಾಕೆ ಬಂದೋರೆಲ್ಲ ಪ್ರೀತಿ ಮಾಡೋರೇಯ. ಆ ಮನೇಲಿ ಏನ್ ಬಡಿಸ್ತಾರೆ ನೋಡ್ತೀನಿ. ಕಾಯಿ ಹಾಕಿದ್ರೋ, ಆ ಸಂಬಂಧ ಬ್ಯಾಡ."

ಹನ್ನೆರಡು ದಿನ ಬಿಟ್ಟು ಭಾನುವಾರ ಮಧ್ಯಾಹ್ನ ಊಟಕ್ಕೇ ಬರುತ್ತಾರೆ ಎಂದು ಅರುಣ್ ಫೋನು ಮಾಡಿದ. "ಅಪ್ಪಂಗೆ ಆಲೂಗಡ್ಡೆ ಅಂದ್ರೆ ಪ್ರಾಣ. ಡಾಕ್ಟ್ರು ಒಂದಿಷ್ಟು ತಿನ್ಲಿ ಅಂದವ್ರೆ. ಅಮ್ಮ ಬರೀ ಬೇಯ್ಸಿ ಕೊಟ್ರೆ ಅಪ್ಪ ಅದನ್ನ ಹೆಣ ನೋಡ್ದಂಗೆ ನೋಡ್ತಾರೆ. ಮ್ಯಾಶ್ಡ್ ಪೊಟಾಟೊ ಅಂತ, ಬೇಯ್ಸಿ ಮೆತ್ತಗೆ ಹಿಸುಕಿ ಮಾಡೋದು, ಫೋನಲ್ಲಿ ನೋಡ್ದೆ. ಬೆಣ್ಣೆ ಗಿಣ್ಣೆ ಏನೂ ಬ್ಯಾಡ, ಹಗುರಕ್ಕೆ ಮಾಡಕ್ಕಾಗುತ್ತಾ ಇಂಪನಾ?" ಎಂದು ಕೇಳಿದ.

"ಅದೇನ್ ಮಹಾ" ಅಂದೆ. ನನಗೆ ಕಾಫಿ ಬಿಟ್ಟು ಏನೂ ಮಾಡಲು ಬರುತ್ತಿರಲಿಲ್ಲ. ಆದರೆ ಆ ಗಳಿಗೆಯಲ್ಲಿ ಅವನು ಅಂಬಾರಿ ಹೊರು ಎಂದಿದ್ದರೂ ಹ್ಞೂಂ ಎನ್ನುತ್ತಿದ್ದೆ.

ಮೊದಲ ಯುದ್ಧ ನಡೆದದ್ದು ಅಜ್ಜಿ ಭೈರಮ್ಮನ ಜೊತೆ. ನಮ್ಮ ಮನೆಯ ಅಡುಗೆಮನೆಯ ಯಜಮಾನಿಕೆ ಇನ್ನೂ ಅವಳದೇ. ಬೆಳಿಗ್ಗೆ ಎದ್ದು ಒಂದು ಕಾಯಿ ಒಡೆದ ಮೇಲೆಯೇ ಅವಳಿಗೆ ಇವತ್ತು ಏನು ಅಡುಗೆ ಎಂದು ಹೊಳೆಯುವುದು. ಕಾಯಿ ಹಾಕದೆ ಬೀಗರಿಗೆ ಬಡಿಸಬೇಕೆಂದು ಕೇಳಿ ಅವಳು ಈಳಿಗೆಮಣೆಯಿಂದ ಎದ್ದೇ ಬಿಟ್ಟಳು.

"ಕಾಯಿ ಹಾಕ್ದಲೆ ಬೀಗ್ರಿಗೆ ಇಕ್ಕಾದಾ? ನಲವತ್ತು ಮರ ಮಡಿಕ್ಕಂಡು? ಮರ ಮಾರ್ಕಂಡವ್ರೆ ಅಂತಾರೆ ಕಣೇ! ಇಲ್ಲಾಂದ್ರೆ ಜಿಪುಣ್ರು ಅಂತಾರೆ!"

"ಕಾಯಿ ಹಾಕಿದ್ರೆ ಸಂಬಂಧ ಬ್ಯಾಡ ಅಂದವ್ರೆ, ಅಜ್ಜಿ."

"ಅಂಥ ಸಂಬಂಧ ನಮಗ್ಯಾಕೆ, ಬುಡು" ಎಂದು ಅಜ್ಜಿ ನನ್ನ ಬಾಳನ್ನು ಒಂದೇ ಮಾತಿನಲ್ಲಿ ಮುಗಿಸಿದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಇಡೀ ದಿನ ಅವಳ ಹತ್ತಿರ ಮಾತು ಬಿಟ್ಟೆ. ಸಂಜೆ ಅವಳೇ ಬಂದು, "ಏನಾರ ಮಾಡ್ಕಳಮ್ಮ ತಾಯಿ, ನಿನ್ ಕಲ್ಯಾಣ" ಎಂದು ಒಲೆ ಬಿಟ್ಟುಕೊಟ್ಟಳು.

ಮೊದಲ ದಿನ ಬೇಯಿಸಿದ ಆಲೂಗಡ್ಡೆಯನ್ನು ಮಿಕ್ಸಿಗೆ ಹಾಕಿ ತಿರುಗಿಸಿದೆ. ಹೊರಗೆ ಬಂದದ್ದು ಗೋಂದು. ಚಮಚ ಮೇಲೆತ್ತಿದರೆ ಪಾತ್ರೆಯೂ ಮೇಲೆ ಬರುತ್ತಿತ್ತು. ಅಪ್ಪ ಒಳಗೆ ಹೋಗಿ, ಬೆನ್ನು ಹರಿದ ಗ್ಯಾಸಿನ ಪುಸ್ತಕ ತಂದು, ಅದರಲ್ಲೇ ಅಂಟಿಸಿಕೊಂಡು ಹೋದ. ಅದು ಇವತ್ತಿಗೂ ಬಿಟ್ಟಿಲ್ಲ.

ಎರಡನೇ ಸಲ ಹೆಚ್ಚಿ ಬೇಯಿಸಿದ್ದಕ್ಕೆ ನೀರು ಕುಡಿದು ಗಂಜಿಯಾಯಿತು. ಮೂರನೇ ಸಲ ಬಿಸಿಬಿಸಿಗೇ ಮಜ್ಜಿಗೆ ಹುಯ್ದೆ, ಒಡೆದುಹೋಯಿತು. ನಾಲ್ಕನೇ ಸಲದ್ದನ್ನು ಹಸು ಮೂಸಿ ನೋಡಿ ಮುಖ ತಿರುಗಿಸಿದಾಗ ನಾನು ಪಾತ್ರೆಯನ್ನು ಹಿತ್ತಲ ಗೋಡೆಗೆ ಎಸೆದೆ. ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಅರುಣ್ ಬಿದ್ದು ಬಿದ್ದು ನಕ್ಕ. ಕೋಪ ಬಂದು ಫೋನು ಕಟ್ ಮಾಡಿ ಎರಡು ಗಂಟೆ ಎತ್ತಲಿಲ್ಲ. ಅವನಿಗೆ ಬುದ್ಧಿ ಬರಲಿ ಎಂದು ಹಾಗೆ ಮಾಡಿದ್ದು, ಆದರೆ ಆ ಎರಡು ಗಂಟೆಯಲ್ಲಿ ಹದಿನಾಲ್ಕು ಸಲ ಫೋನು ನೋಡಿದವಳು ನಾನೇ.

ಏಳನೇ ದಿನ ಬರೀ ಆಲೂಗಡ್ಡೆ ಬೇಡ, ಅರ್ಧಕ್ಕರ್ಧ ಹೂಕೋಸು ಸೇರಿಸಿದರೆ ಹಗುರಾಗುತ್ತದೆ ಎಂದು ಎಲ್ಲೋ ಓದಿದೆ. ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಿ, ಸುಲಿದು, ಖಾಲಿ ಬಾಣಲೆಯಲ್ಲಿ ಒಂದು ನಿಮಿಷ ಇಟ್ಟು ನೀರಿನ ಪಸೆ ಹಾರಿಸಿದೆ. ಹೂಕೋಸನ್ನು ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟೆ. ಎರಡನ್ನೂ ಪಾತ್ರೆಗೆ ಹಾಕಿ ಚಮಚದಲ್ಲಿ ಹಿಸುಕುತ್ತಾ ಕೂತೆ. ಅಡುಗೆಮನೆ ಬಾಗಿಲಲ್ಲಿ ಗೋಡೆಗೊರಗಿ ನೋಡುತ್ತಿದ್ದ ಅಜ್ಜಿಗೆ ಕೊನೆಗೆ ತಡೆಯಲಾಗಲಿಲ್ಲ.

"ಅದೇನೇ ಅದು, ಇರುವೆ ಸಾಯ್ಸೋಳಂಗೆ! ತತ್ತ ಇಲ್ಲಿ."

ಅವಳು ಮುದ್ದೆ ಕೋಲು ತಂದಳು. ಪಾತ್ರೆಯನ್ನು ನೆಲದ ಮೇಲಿಟ್ಟು, ಎರಡು ಪಾದಗಳ ನಡುವೆ ಅದುಮಿ ಹಿಡಿದು, ರಾಗಿ ಹಿಟ್ಟು ತಿರುವುವ ಹಾಗೆಯೇ ಬಿಸಿ ಆಲೂಗಡ್ಡೆಯನ್ನು ಕೆಳಗಿನಿಂದ ಮೇಲೆತ್ತಿ ಎತ್ತಿ ತಿರುವಿದಳು. ನಾನು ಬಿಸಿ ಹಾಲನ್ನು ಚೂರು ಚೂರೇ ಹುಯ್ಯುತ್ತಾ ಹೋದೆ, ಕೆನೆ ತೆಗೆದ ತೆಳು ಹಾಲು. ಎಪ್ಪತ್ನಾಲ್ಕು ವರ್ಷದ ಆ ತೋಳಿನ ಕೆಳಗೆ ಅದು ಉಬ್ಬಿ ಉಬ್ಬಿ ಅರಳೆಯ ಹಾಗೆ ಎದ್ದಿತು. ಗಂಟಿಲ್ಲ, ಅಂಟಿಲ್ಲ. ನಾನು ಹೂಕೋಸಿನ ದಂಟನ್ನು ಸಣ್ಣಗೆ ತುರಿದು, ಬಾಯಿಗೆ ಸ್ವಲ್ಪ ಸಿಗಲಿ ಎಂದು ಹಸಿಯಾಗಿಯೇ ಮೇಲೆ ಉದುರಿಸಿದೆ. ಅರ್ಧ ಚಮಚ ಎಣ್ಣೆಯಲ್ಲಿ ಸಾಸಿವೆ, ಶುಂಠಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟು ನಿಂಬೆಹಣ್ಣು ಹಿಂಡಿದೆ.

ಅಜ್ಜಿ ಬೆರಳಲ್ಲಿ ತೆಗೆದು ಬಾಯಿಗಿಟ್ಟಳು. ಅವಳ ಹುಬ್ಬು ಮೇಲೆ ಹೋಯಿತು.

"ಚೆಂದಾಗೈತೆ ಕಣೇ. ಒಂದ್ ಹಿಡಿ ಕಾಯ್ತುರಿ ಹಾಕ್ಬುಟ್ರೆ..."

"ಅಜ್ಜೀ!"

"ಹಾಕಲ್ಲ ಕಣೇ ಮಾರಾಯ್ತಿ. ಬಾಯ್ಮಾತಿಗಂದೆ."

ಅವಳ ಬಾಯಿಮಾತನ್ನು ನಾನು ನಂಬುವವಳಲ್ಲ. ಶನಿವಾರ ಸಂಜೆಯೇ ಕಾಯಿ ತುರಿಮಣೆಯನ್ನು ಸೂಟ್‌ಕೇಸಿನಲ್ಲಿ ಹಾಕಿ ಬೀಗ ಜಡಿದೆ. ಭಾನುವಾರ ಬೆಳಿಗ್ಗೆ ಅಜ್ಜಿಯನ್ನು ದೇವರ ಮನೆಗೆ ಕರೆದುಕೊಂಡು ಹೋಗಿ ನನ್ನ ತಲೆ ಮೇಲೆ ಕೈ ಇಡಿಸಿ ಆಣೆ ಹಾಕಿಸಿಕೊಂಡೆ. ಆದರೂ ಆಲೂಗಡ್ಡೆ ತಿರುವಿದ ಮೇಲೆ ನಾನು ಸೀರೆ ಉಡಲು ಒಳಗೆ ಹೋಗಲೇಬೇಕಾಯಿತು. ಹತ್ತು ನಿಮಿಷ. ಆ ಹತ್ತು ನಿಮಿಷ ಅಡುಗೆಮನೆಯಲ್ಲಿ ಪಾತ್ರೆಯೂ ಅಜ್ಜಿಯೂ ಇಬ್ಬರೇ ಇದ್ದರು.

ಒಂದು ಗಂಟೆಗೆ ಅವರ ಕಾರು ಬಂತು. ನಂಜುಂಡಪ್ಪನವರು ಗರಿಗರಿ ಬಿಳಿ ಪಂಚೆಯಲ್ಲಿ ಇಳಿದು, ನನ್ನನ್ನು ನೋಡಿದ್ದೇ ಅಂಗಿ ತೋಳು ಮಡಚಿ, "ಇವತ್ತೂ ಚುಚ್ತೀಯೇನಮ್ಮ?" ಎಂದು ಜೋರಾಗಿ ನಕ್ಕರು. ನನಗೊಂದು ಕೆಟ್ಟ ಚಾಳಿ ಇದೆ, ಹೆದರಿಕೆಯಾದಾಗ ನಗು ಬರುತ್ತದೆ. ಹಲ್ಲು ಕಚ್ಚಿ ನಿಂತೆ. ಅರುಣ್ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ಹಾಳಾಗುತ್ತಿದ್ದೆವು. ಕೊನೆಗೆ ಇಳಿದವರು ರಾಮಲಕ್ಷ್ಮಮ್ಮನವರು. ಸಣ್ಣ ಆಳು, ಬಿಗಿದ ತುಟಿ, ಕೈಯಲ್ಲೊಂದು ಬಟ್ಟೆ ಚೀಲ. ಚೀಲದಲ್ಲಿ ಡಬ್ಬಿ.

ಊಟಕ್ಕೆ ಕೂತಾಗ ಆ ಡಬ್ಬಿಯನ್ನು ಗಂಡನ ಎಲೆಯ ಪಕ್ಕದಲ್ಲಿ ಇಟ್ಟರು. ಅಮ್ಮನ ಮುಖ ಸಪ್ಪಗಾಯಿತು. ಅಜ್ಜಿ ಗೊಣಗಿದ್ದು ನನಗೆ ಮಾತ್ರ ಕೇಳಿಸಿತು, ಪುಣ್ಯ. ನಾವು ಬಡಿಸಿದ್ದೆಲ್ಲವನ್ನೂ ರಾಮಲಕ್ಷ್ಮಮ್ಮನವರು ಮೊದಲು ತಮ್ಮ ಬೆರಳಲ್ಲಿ ಕೆದಕಿ ನೋಡಿದರು. ಚಪಾತಿಗೆ ತುಪ್ಪ ಸವರಿಲ್ಲ. ತೊವ್ವೆಯಲ್ಲಿ ಬೇಳೆ ಬಿಟ್ಟು ಬೇರೆ ಇಲ್ಲ. ಕೋಸಂಬರಿಯಲ್ಲಿ ಬರೀ ಸೌತೆಕಾಯಿ. ಅವರು ಡಬ್ಬಿ ತೆರೆಯಲಿಲ್ಲ. ಒಂದೊಂದು ಐಟಂ ಪಾಸಾದಾಗಲೂ ಅರುಣ್ ಎಲೆಯ ಪಕ್ಕದಲ್ಲಿ ಬೆರಳು ಮಡಚಿ ನನಗೆ ತೋರಿಸುತ್ತಿದ್ದ.

ನಾನು ಆಲೂಗಡ್ಡೆ ತಂದೆ. ಎಲ್ಲರ ಎಲೆಗೂ ಬಡಿಸಿದೆ. ರಾಮಲಕ್ಷ್ಮಮ್ಮನವರು ಬೆರಳು ಮುಂದೆ ಮಾಡುವಷ್ಟರಲ್ಲಿ ನಂಜುಂಡಪ್ಪನವರು ಒಂದು ದೊಡ್ಡ ತುತ್ತನ್ನೇ ಬಾಯಿಗೆ ಹಾಕಿಕೊಂಡುಬಿಟ್ಟರು.

ಅವರು ಅಗಿಯುವುದನ್ನು ನಿಲ್ಲಿಸಿದರು. ಕಣ್ಣು ಮುಚ್ಚಿದರು. ನಾಲಿಗೆ ಒಳಗೆಲ್ಲೋ ನಿಧಾನಕ್ಕೆ ತಿರುಗಿದ್ದು ಕೆನ್ನೆಯ ಮೇಲೆ ಕಾಣಿಸಿತು.

"ಕಾಯಿ" ಎಂದರು.

ಅರುಣ್ ಮಡಚಿದ್ದ ಬೆರಳುಗಳನ್ನು ಬಿಚ್ಚಿದ.

"ಎಳೇದೂ ಅಲ್ಲ, ಬಲಿತಿದ್ದೂ ಅಲ್ಲ, ನಡುವಿಂದು. ಹಾಲು ಹಿಂಡಿ ಸೇರ್ಸವ್ರೆ. ಮ್ಯಾಲೆ ಸಣ್ಣಗೆ ತುರಿ ಉದುರ್ಸವ್ರೆ. ಆಹಾ! ಎಷ್ಟು ದಿನ ಆಗಿತ್ತಪ್ಪ!" ಅವರ ಕಣ್ಣಂಚಲ್ಲಿ ನಿಜವಾಗಿ ನೀರಿತ್ತು. "ಭೇಷ್ ಕಣಮ್ಮ, ಭೇಷ್!"

ರಾಮಲಕ್ಷ್ಮಮ್ಮನವರ ಮುಖದಲ್ಲಿ ರಕ್ತವೇ ಇರಲಿಲ್ಲ. ಗಂಡನ ಎಲೆಯನ್ನು ಅವರು ಪಕ್ಕಕ್ಕೆ ಎಳೆದರು. "ಏಳ್ರೀ" ಎಂದರು. "ಉಗೀರಿ ಅದನ್ನ. ಏಳಿ, ಹೋಗನ."

ನಾನು ಅಜ್ಜಿಯ ಕಡೆ ತಿರುಗಿದೆ. ಅಜ್ಜಿ ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಆ ಹತ್ತು ನಿಮಿಷ! ಬೀಗರು ಕೂತಿದ್ದಾರೆ ಎನ್ನುವುದನ್ನೂ ಮರೆತು, "ಅಜ್ಜೀ! ಹಾಕ್ಬುಟ್ಯಾ?" ಎಂದು ಕಿರುಚಿಬಿಟ್ಟೆ.

"ದೇವ್ರಾಣೆಗೂ ಇಲ್ಲ ಕಣೇ! ನಿನ್ ತಲೆ ಮುಟ್ಟಿವ್ನಿ! ನಾನ್ಯಾಕೆ ಸುಳ್ಳೇಳ್ಲಿ, ಹಾಕಿದ್ರೆ ಹಾಕ್ದೆ ಅಂತ ಎದೆ ತಟ್ಕಂಡು ಹೇಳ್ತಿದ್ದೆ!"

"ಅಜ್ಜೀನ ಬೈಬ್ಯಾಡ ಕಣಮ್ಮ" ಎಂದು ನಂಜುಂಡಪ್ಪನವರು ಇನ್ನೂ ನುಂಗದೆ, ಉಗಿಯದೆ, ಒಂದು ಕೆನ್ನೆಯಲ್ಲಿ ತುತ್ತಿಟ್ಟುಕೊಂಡೇ ಹೇಳಿದರು. "ಹಾಕಿದ್ದು ಪುಣ್ಯದ ಕೆಲ್ಸ."

ಅಷ್ಟು ಸಾಕಾಯಿತು. ಹಲ್ಲು ಕಚ್ಚಿ ಹಿಡಿದಿದ್ದ ನಗು ತೂಬು ಕಿತ್ತ ಹಾಗೆ ನುಗ್ಗಿತು. ಕೈಯಲ್ಲಿ ಸೌಟು, ಮೈಮೇಲೆ ರೇಷ್ಮೆ ಸೀರೆ, ಮದುವೆ ಮುರಿದು ಬೀಳುತ್ತಿದೆ, ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೇನೆ. ಅಮ್ಮ ನನ್ನನ್ನು ಚಿವುಟಿದಳು. ಅರುಣ್ ತಲೆ ತಗ್ಗಿಸಿದ, ಅವನ ಭುಜಗಳೂ ಕುಣಿಯುತ್ತಿದ್ದವು.

"ನಗ್ತೀಯಾ?" ಎಂದರು ರಾಮಲಕ್ಷ್ಮಮ್ಮ. ಅವರು ಕೂಗಲಿಲ್ಲ. "ಇವ್ರು ಒಳಗೆ ಮಲಗಿದ್ದಾಗ ನಾನು ಬೆಂಚಿನ ಮ್ಯಾಲೆ ಕೂತಿದ್ದೆ ಕಣಮ್ಮ. ನಾಲ್ಕು ದಿನ. ಯಾವ ಡಾಕ್ಟ್ರು ಬಾಗ್ಲು ತೆಗುದ್ರೂ ನನ್ ಜೀವ ಹೋಗಿ ಬರೋದು."

ನನ್ನ ನಗು ಅಲ್ಲಿಗೇ ನಿಂತಿತು. ಲ್ಯಾಬಿನಲ್ಲಿ ನಾನು ದಿನಾ ಅಂಥ ಬೆಂಚುಗಳ ಮುಂದೆಯೇ ಓಡಾಡುವವಳು. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ತಪ್ಪಾಯ್ತು, ಅತ್ತೆ" ಅಂದೆ. ಬಾಯಿ ತಪ್ಪಿ ಅತ್ತೆ ಎಂದುಬಿಟ್ಟಿದ್ದೆ, ಇನ್ನು ವಾಪಸ್ಸು ತೆಗೆದುಕೊಳ್ಳುವ ಹಾಗಿರಲಿಲ್ಲ. "ನಾನಂತೂ ಕಾಯಿ ಹಾಕಿಲ್ಲ. ಅಜ್ಜೀನೂ ಹಾಕಿಲ್ಲ ಅಂತವ್ಳೆ. ನಿಮ್ಮ ಕಣ್ಣೆದುರಿಗೇ ಇನ್ನೊಂದ್ಸಲ ಮಾಡ್ತೀನಿ. ಕಾಯಿ ಇದ್ರೆ ನೀವು ಎದ್ದು ಹೋಗಿ, ನಾನು ತಡೆಯಲ್ಲ."

ಈಗ ನಂಜುಂಡಪ್ಪನವರಿಗೆ ರೋಷ ಬಂತು. ತುತ್ತು ನುಂಗಿಯೇಬಿಟ್ಟರು. "ಅಂದ್ರೆ ನನ್ ನಾಲ್ಗೆ ಸುಳ್ಳಾ? ನಲವತ್ತು ವರ್ಷದಿಂದ ಮೂರು ತಾಲ್ಲೂಕು ಒಪ್ಕಂಡಿರೋ ನಾಲ್ಗೆ! ಮಾಡಮ್ಮ, ಮಾಡು. ನಾನೂ ನೋಡ್ತೀನಿ."

ಹೆಣ್ಣು ನೋಡಲು ಬಂದವರೆಲ್ಲ ಆಲೂಗಡ್ಡೆ ನೋಡಲು ಅಡುಗೆಮನೆಗೆ ನುಗ್ಗಿದರು. ನಮ್ಮ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಪಕ್ಕಕ್ಕೆ ತಿರುಗಿ ಬರಬೇಕು. ಅಲ್ಲಿ ಏಳು ಜನ! ಅಪ್ಪ ಗ್ಯಾಸಿನ ಸಿಲಿಂಡರ್ ಮೇಲೆ ಕೂತ. ಅರುಣ್ ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ ನಿಂತ, ಜಾಗವೇ ಇರಲಿಲ್ಲವಲ್ಲ. ರಾಮಲಕ್ಷ್ಮಮ್ಮನವರು ಎಣ್ಣೆ ಬಾಟಲಿ ಮೂಸಿದರು. ಹಾಲಿನ ಪಾತ್ರೆಗೆ ಬೆರಳದ್ದಿ ನೆಕ್ಕಿದರು. ಉಪ್ಪಿನ ಭರಣಿಯ ತಳದ ತನಕ ಚಮಚ ಹಾಕಿ ಕೆದಕಿದರು. ಅಜ್ಜಿಯನ್ನು ಬಾಗಿಲಾಚೆ ಕೂರಿಸಿ, "ಎರಡೂ ಕೈ ನಂಗೆ ಕಾಣೋ ಹಂಗೆ ಮಡೀಕಳಿ" ಎಂದರು. ಅಜ್ಜಿ ಎರಡು ಅಂಗೈಯನ್ನೂ ಮೇಲೆ ಮಾಡಿ ಮಂಗಳಾರತಿ ತೆಗೆದುಕೊಳ್ಳುವವಳ ಹಾಗೆ ಕೂತಳು.

ಕುಕ್ಕರ್ ಕೂಗಿತು. ಆಲೂಗಡ್ಡೆ ಸುಲಿದೆ, ಬಾಣಲೆಯಲ್ಲಿ ಪಸೆ ಆರಿಸಿದೆ, ಹಬೆಯಾಡುವ ಹೂಕೋಸು ಸೇರಿಸಿದೆ. ಅಜ್ಜಿಯ ಕೈ ಬಂಧನದಲ್ಲಿತ್ತು. ಮುದ್ದೆ ಕೋಲನ್ನು ನಾನೇ ಹಿಡಿದೆ. ನಾಲ್ಕು ಸುತ್ತು ತಿರುವುವಷ್ಟರಲ್ಲಿ ರಾಮಲಕ್ಷ್ಮಮ್ಮನವರಿಗೆ ಚಡಪಡಿಕೆ ಶುರುವಾಯಿತು.

"ಹಂಗಲ್ಲ ಕಣಮ್ಮ. ತಳ ಹಿಡೀತೈತೆ. ಕೊಡು ಇಲ್ಲಿ."

ಸೆರಗು ಸಿಕ್ಕಿಸಿಕೊಂಡು ಕೂತರು, ಪಾದಗಳಲ್ಲಿ ಪಾತ್ರೆ ಅದುಮಿದರು. ಅಬ್ಬಾ, ಆ ಸಣ್ಣ ಮೈಯಲ್ಲಿ ಅದೆಲ್ಲಿತ್ತೋ ಅಷ್ಟು ಶಕ್ತಿ! ಬಾಗಿಲಾಚೆಯಿಂದ ಅಜ್ಜಿ ಮೆಚ್ಚಿಕೊಂಡು ತಲೆಯಾಡಿಸಿದಳು. ನಾನು ಹಾಲು ಹುಯ್ಯುತ್ತಿದ್ದೆ, ಅವರು "ಸಾಕು... ಇನ್ನೊಂಚೂರು... ಸಾಕು" ಎನ್ನುತ್ತಿದ್ದರು. ಆಲೂಗಡ್ಡೆ ಅರಳಿತು. ದಂಟು ತುರಿದು ಉದುರಿಸಿದೆ. ಒಗ್ಗರಣೆ ಚಟಪಟ ಎಂದು ಕರಿಬೇವಿನ ಘಮ ಎದ್ದಾಗ ನಂಜುಂಡಪ್ಪನವರ ಮೂಗಿನ ಹೊಳ್ಳೆ ಅಗಲವಾಯಿತು.

ತಟ್ಟೆಗೆ ಹಾಕಿ ಕೊಟ್ಟೆ. ಅವರು ಬಾಯಿಗಿಟ್ಟರು, ಕಣ್ಣು ಮುಚ್ಚಿದರು.

"ಐತೆ" ಎಂದರು. ಆದರೆ ಈ ಸಲ ದನಿಯಲ್ಲಿ ಗೊಂದಲವಿತ್ತು. "ಐತೆ ಕಣೇ, ಲಕ್ಷ್ಮೀ. ಎಲ್ಲಿಂದ ಬಂತೋ ಕಾಣೆ. ಐತೆ."

"ಎಲ್ಲಿಂದ ಬತ್ತದ್ರೀ? ತಿರುವಿದ್ದು ನಾನು! ಎರಡೂ ಕಣ್ಣು ಬಿಟ್ಕಂಡೇ ಕೂತಿದ್ನಲ್ಲ!" ಎಂದು ರಾಮಲಕ್ಷ್ಮಮ್ಮನವರು ತಟ್ಟೆಯಿಂದ ಒಂದು ತುತ್ತು ತೆಗೆದು ಬಾಯಿಗೆ ಹಾಕಿಕೊಂಡರು.

ಅವರೂ ಅಗಿಯುವುದನ್ನು ನಿಲ್ಲಿಸಿಬಿಟ್ಟರು. ಬಿಗಿದ ತುಟಿ ಸಡಿಲಾಯಿತು. "ಹೌದು ಕಣ್ರೀ" ಎಂದರು. "ಕಾಯಿ ಥರಾನೇ ಐತೆ."

ನಾನು ತಿಂದು ನೋಡಿದೆ. ಆಲೂಗಡ್ಡೆ, ಹೂಕೋಸು, ಶುಂಠಿ, ಕರಿಬೇವು. ಅರುಣ್ ತಿಂದ, ಇಲ್ಲ ಎಂದು ತಲೆಯಾಡಿಸಿದ. ಅಮ್ಮ ತಿಂದು, "ಎಲ್ಲೈತೆ? ನಂಗೆ ಗೊತ್ತಾಗ್ತಿಲ್ವಲ್ಲ" ಎಂದಳು. ಅಪ್ಪ ಎರಡು ಸಲ ಹಾಕಿಸಿಕೊಂಡು ತಿಂದು, ಇಲ್ಲ ಎಂದ. ಆ ಮನೆಯಲ್ಲಿ ಕಾಯಿಯ ರುಚಿ ಸಿಕ್ಕಿದ್ದು ಗಂಡ ಹೆಂಡತಿ ಇಬ್ಬರಿಗೆ ಮಾತ್ರ.

ನಂಜುಂಡಪ್ಪನವರಿಗೆ ಗೆದ್ದ ಹಾಗಾಯಿತು. "ನೋಡಿದ್ರಾ? ಇವಳ ಮಾತಾದ್ರೂ ನಂಬ್ರಪ್ಪ. ದಿನಾ ಕಾಯಿ ತಿನ್ನೋಳು ಇವಳು. ಇವಳಿಗೆ ಗೊತ್ತಾಗಲ್ವಾ?"

ರಾಮಲಕ್ಷ್ಮಮ್ಮನವರು ತಟ್ಟೆಯನ್ನೇ ನೋಡುತ್ತಿದ್ದರು.

"ಎಲ್ಲಿ ದಿನಾ ತಿಂದೆ" ಎಂದರು ಮೆಲ್ಲಗೆ. "ಎಂಟು ತಿಂಗ್ಳಾಯ್ತು ಬಾಯಿಗಿಟ್ಟು."

"ನಿಂಗೇನಾಗಿತ್ತೇ? ನಿಂಗ್ಯಾವ ಡಾಕ್ಟ್ರು ಬ್ಯಾಡ ಅಂದ?"

"ನಿಮ್ಗೆ ಬ್ಯಾಡ ಅಂದ್ಮೇಲೆ ನನ್ ಗಂಟ್ಲಲ್ಲಿ ಹೆಂಗ್ರೀ ಇಳೀತದೆ?"

ನಂಜುಂಡಪ್ಪನವರು ಪೆಚ್ಚಾಗಿ ನಿಂತರು. "ಮತ್ತೆ... ಅಡಿಗೆಮನೆ ಬಾಗ್ಲು ಹಾಕ್ಕಂಡು ಒಬ್ಳೇ ಉಣ್ತಿದ್ಯಲ್ಲೇ? ನಂಗೆ ಸಪ್ಪೆ ಇಕ್ಬುಟ್ಟು ಇವ್ಳು ಒಳಗೆ ಕಾಯಿ ಚಟ್ನಿ ಹಾಕ್ಕಂಡು ಬಾರಿಸ್ತಾವ್ಳೆ ಅಂತ ನಾನು ದಿನಾ ಹೊಟ್ಟೆ ಉರ್ಕಳ್ತಿದ್ನಲ್ಲೇ!"

"ನಾನೂ ಸಪ್ಪೆ ಉಣ್ಣೋದು ನಿಮ್ಗೆ ಕಾಣಬಾರ್ದು ಅಂತ ಬಾಗ್ಲು ಹಾಕ್ಕಂತಿದ್ದೆ. ಕಂಡಿದ್ರೆ ಬಿಡ್ತಿದ್ರಾ? ನೀ ತಿನ್ನದಿದ್ರೆ ನಾನೂ ಔಷಧಿ ತಗಳಲ್ಲ ಅಂತ ಹಟ ಹಿಡೀತಿದ್ರಿ."

ಅಷ್ಟು ದಿನ ಆಸೆ ಅದುಮಿಟ್ಟುಕೊಂಡ ನಾಲಿಗೆಗೆ ಕರಿಬೇವಿನ ಘಮವಿದ್ದ ಬಿಳಿಯದೆಲ್ಲ ಕಾಯಿಯೇ ಆಗಿ ಕಂಡಿರಬೇಕು. ಒಂದು ನಾಲಿಗೆಯದು ಡಾಕ್ಟರು ಹೇಳಿದ ಪಥ್ಯ. ಇನ್ನೊಂದಕ್ಕೆ ಯಾರೂ ಹೇಳಿರಲಿಲ್ಲ. ಅರುಣನಿಗೂ ಇದು ಗೊತ್ತಿರಲಿಲ್ಲ, ಅವನು ಅಮ್ಮನನ್ನು ಹೊಸದಾಗಿ ನೋಡುವವನ ಹಾಗೆ ನೋಡುತ್ತಿದ್ದ.

ನಂಜುಂಡಪ್ಪನವರು ಗಂಟಲು ಸರಿಮಾಡಿಕೊಂಡರು. "ಭೈರಮ್ನೋರೇ, ಒಂದ್ ಕಾಯಿ ಒಡೀರಿ."

"ರೀ!"

"ನಂಗಲ್ಲ ಕಣೇ. ನಿಂಗೆ."

ಅಜ್ಜಿಯ ಕೈಗಳಿಗೆ ಬಿಡುಗಡೆಯಾಯಿತು. ಅವಳು ಅಷ್ಟು ಜೋರಾಗಿ ಓಡಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಹಿತ್ತಲ ಕಲ್ಲಿಗೆ ಕಾಯಿ ಬಡಿದ ಸದ್ದು, ಮರುಗಳಿಗೆಗೆ ಬೆಳ್ಳಗಿನ ಎರಡು ಹೋಳು. ನಂಜುಂಡಪ್ಪನವರು ಚಾಕು ತೆಗೆದುಕೊಂಡು ಒಂದು ಚೂರು ಮೀಟಿ ತೆಗೆದರು. ಮೂಗಿನ ಹತ್ತಿರ ಹಿಡಿದು ದೀರ್ಘವಾಗಿ ಉಸಿರೆಳೆದುಕೊಂಡರು. ಆಮೇಲೆ ಅದನ್ನು ಹೆಂಡತಿಯ ಬಾಯಿಯ ಹತ್ತಿರ ಹಿಡಿದರು.

"ಬೀಗ್ರ ಮುಂದೆ ಏನ್ರೀ ಇದು" ಎಂದು ಅವರು ಕೆಂಪಾದರು. "ಬೀಗ್ರು" ಅಂದರಲ್ಲ! ಅರುಣ್ ನನ್ನ ಮೊಣಕೈಯನ್ನು ಜೋರಾಗಿ ತಿವಿದ.

"ತಿನ್ನೇ."

ತಿಂದರು. ನಾಚಿಕೊಂಡು ಒಲೆಯ ಕಡೆ ಮುಖ ಮಾಡಿ ಅಗಿದರು. ನಂಜುಂಡಪ್ಪನವರು ಆ ಕಡೆಯೂ ಬಗ್ಗಿ, "ಹೆಂಗೈತೆ? ಹಾಲು ಬತ್ತೈತಾ?" ಎಂದು ಕೇಳುತ್ತಲೇ ಇದ್ದರು. ಅವರು ಕೊಟ್ಟಷ್ಟನ್ನೂ ಆಕೆ ತಿಂದರು. ಒಂದು ಹೋಳು ಖಾಲಿಯಾಯಿತು. ಆಮೇಲೆ ಬಾಯಿ ಒರೆಸಿಕೊಂಡು ಅಮ್ಮನ ಕಡೆ ತಿರುಗಿ, ಇಲ್ಲಿಯ ತನಕ ಏನೂ ನಡೆದೇ ಇಲ್ಲವೆಂಬ ಹಾಗೆ, "ಅಡಿಗೆ ಎರಡು ಥರ ಮಾಡ್ಸನ ಕಣ್ರೀ. ಒಂದು ಸಾಲಿಗೆ ಕಾಯಿ ಹಾಕಿ, ಒಂದು ಸಾಲಿಗೆ ಹಾಕ್ದಂಗೆ" ಎಂದರು.

"ಯಾವ ಅಡಿಗೆ?" ಎಂದು ನನ್ನಮ್ಮ ಕೇಳಿಬಿಟ್ಟಳು, ಪಾಪ.

"ಮದುವೇದು ಕಣೇ, ಪೆದ್ದಿ!" ಎಂದು ಅಜ್ಜಿ ಬಾಗಿಲಾಚೆಯಿಂದಲೇ ಕೂಗಿದಳು. ಅಪ್ಪ ಸಿಲಿಂಡರ್ ಮೇಲಿಂದ ಎದ್ದು ನಂಜುಂಡಪ್ಪನವರ ಕೈ ಹಿಡಿದುಕೊಂಡ. ಅರುಣನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಇನ್ನು ನೋಡಿಕೊಂಡರೆ ಯಾರಿಗೂ ನಷ್ಟವಿರಲಿಲ್ಲ.

"ನೀನು ಕಾಯಿ ಹಾಕಿರೋ ಸಾಲಲ್ಲೇ ಕೂರ್ಬೇಕು" ಎಂದು ನಂಜುಂಡಪ್ಪನವರು ಹೆಂಡತಿಗೆ ಬೆರಳು ತೋರಿಸಿದರು. "ನನ್ ಮ್ಯಾಲಾಣೆ."

"ಕೂರ್ತೀನಿ. ನಿಮ್ಮೆದುರಿಗೇ ಕೂತ್ಕಂಡು ತಿಂತೀನಿ, ನೀವು ನೋಡ್ತಾ ಕೂತಿರಿ. ಮನೇಲೂ ಅಷ್ಟೇ. ಇನ್ಮೇಲೆ ಬಾಗ್ಲು ಹಾಕ್ಕಳಲ್ಲ" ಎಂದರು ರಾಮಲಕ್ಷ್ಮಮ್ಮ. ಹಾಗೆಂದು ತಾವೇ ತಿರುವಿದ ಆಲೂಗಡ್ಡೆಯನ್ನು ಗಂಡನ ತಟ್ಟೆಗೆ ಇನ್ನೊಂದು ಸೌಟು ಹಾಕಿದರು.